ಮೂರನೆಯ ಬಡಿತ

ಕಂಪ್ಯೂಟರ್ ಮತ್ತೆ ಅದೇ ಜಾಗದಲ್ಲಿ ನಿಂತಾಗ ನಿದಿಯಾ ಮೇಜನ್ನು ಗುದ್ದಿದಳು. ರಿಪೇರಿಯಾದ ಗ್ಲೈಡರ್ ವಿಮಾನದ ರೆಕ್ಕೆಯಲ್ಲಿ ಅಂಟಿಸಿದ ಪದರಗಳು ಗಾಳಿಯ ಹೊರೆ ತಾಳುತ್ತವೆಯೇ ಎಂಬ ಲೆಕ್ಕ ಬೆಳಗಿನಿಂದ ಅರ್ಧಕ್ಕೇ ಕೈಕೊಡುತ್ತಿತ್ತು. ಪರದೆಯ ಮೇಲಿನ ರೆಕ್ಕೆಯ ಬುಡದಲ್ಲಿ ಪದರ ಬಿಡತೊಡಗಿದೊಡನೆ ಎಲ್ಲ ಸ್ತಬ್ಧ. ನಾಳೆ ಅದರಲ್ಲಿ ಪಂಪಾ ಎಂಬ ವಿಶಾಲ ಹುಲ್ಲುಬಯಲಿನ ಮೇಲೆ ಹಾರಬೇಕಾದ ಅಪ್ಪ ಬೌದಿಲಿಯೊ, ರೆಕ್ಕೆಯ ಪಕ್ಕದಲ್ಲೇ ಸೋರೆಬುರುಡೆಯಿಂದ ಕಹಿ ಚಹಾ ಹೀರುತ್ತ ಕುಳಿತಿದ್ದ.

"ನಿನ್ನ ಪೆಟ್ಟಿಗೆಗೆ ಹಾರೋದಂದ್ರೆ ಭಯ ಕಣಮ್ಮ. ನನಗಿಲ್ಲ."

"ಪ್ರಾಣ ತಿನ್ಬೇಡ ಅಪ್ಪಾ! ಬೇಕಿದ್ರೆ ನೀನೇ ಬಂದು ಲೆಕ್ಕ ಮಾಡು."

ರೋಸಿಹೋದ ಅವಳು, ಇಂಥ ಲೆಕ್ಕದ ಕಸುಬಿನವರು ಬೇಸತ್ತಾಗ ಮಾಡುವುದನ್ನೇ ಮಾಡಿದಳು: ಪದರಗಳ ನಡುವಿನ ಅಂಟಿಗೆ ಇಲ್ಲದ ಬಿಗಿಯನ್ನು ಲೆಕ್ಕದಲ್ಲಿ ಸೇರಿಸಿದಳು. ಲೆಕ್ಕ ಸರಾಗವಾಗಿ ಕೊನೆ ಮುಟ್ಟಿತು. ಎಲ್ಲೂ ಅಪಾಯವಿಲ್ಲವೆಂಬಂತೆ ಪರದೆಯ ಮೇಲೆ ರೆಕ್ಕೆ ಪೂರ್ತಿ ಹಸಿರಾಯಿತು.

"ನಾನು ಹೇಳ್ಲಿಲ್ವಾ!" ಎಂದು ಅಪ್ಪ ಎದ್ದು ಶಿಲುಬೆಯ ಗುರುತು ಹಾಕಿಕೊಂಡ. ಕೆಟ್ಟ ದೃಷ್ಟಿ ತಾಗದಿರಲೆಂದು ಎಂದಿನಂತೆ ಉಂಗುರ ತೊಟ್ಟ ಬೆರಳಿನಿಂದ ರೆಕ್ಕೆಯನ್ನು ಬಡಿಯತೊಡಗಿದ.

"ಅದಕ್ಕೆ ಮರ ಬಡೀಬೇಕು ಅಪ್ಪಾ. ಅದು ಅಂಟು ಹಾಕಿದ ಗಾಜಿನೆಳೆ ಬಟ್ಟೆ."

"ದೇವರು ಅಷ್ಟೆಲ್ಲ ನೋಡಲ್ಲ ಬಿಡು."

ಟಣ್, ಟಣ್. ಮೂರನೆಯ ಬಡಿತ ರೆಕ್ಕೆಯ ಬುಡಕ್ಕೆ ಬಿತ್ತು. ಒಳಗೆ ಪದರ ಬಿಟ್ಟಿದ್ದಂತೆ, ಒದ್ದೆ ರಟ್ಟನ್ನು ತಟ್ಟಿದ ಹಾಗೆ ದಪ್ ಎಂದಿತು. ಅವನು ಅಲ್ಲೇ ಮತ್ತೊಮ್ಮೆ ಬಡಿದ. ದಪ್. ನಗು ಇಳಿದುಹೋಗಿ ಮಗಳ ಮುಖ ನೋಡಿದ.

ನಿದಿಯಾ ತಾನು ಸೇರಿಸಿದ್ದ ಸುಳ್ಳು ಬಿಗಿಯನ್ನು ತೆಗೆದು ಲೆಕ್ಕವನ್ನು ಮತ್ತೆ ಓಡಿಸಿದಳು. ಕಂಪ್ಯೂಟರ್ ಅದೇ ಜಾಗದಲ್ಲಿ ನಿಂತಿತು. ಈ ಸಲ ಇಬ್ಬರೂ ಅದನ್ನು ಬೈಯಲಿಲ್ಲ.