ಮಫ್ಲರಿನಲ್ಲಿ ಉಳಿದದ್ದು

ನಿವೇದಿತಾ ಕವರಿನ ಟೇಪಿಗೆ ಕತ್ತರಿ ತಾಗಿಸುತ್ತಲೇ ಅತ್ತೆ ಸಿದ್ದಮ್ಮ ಅವಳ ಮಣಿಕಟ್ಟು ಹಿಡಿದರು. ಸಿದ್ದಮ್ಮನವರ ಗಂಡ, ಕೊರೋನಾದಲ್ಲಿ ತೀರಿಕೊಂಡ ಈರಣ್ಣನವರ ಮಫ್ಲರನ್ನು ಆಸ್ಪತ್ರೆಯವರು ಆ ಕವರಿನಲ್ಲಿ ಕಟ್ಟಿ ಕೊಟ್ಟಿದ್ದರು. ಸಿಂಗಸಂದ್ರದ ಈ ಫ್ಲ್ಯಾಟಿನಲ್ಲಿ ಅಂದಿನಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ದಿನವೂ ಲಿಂಗಪೂಜೆ ಮುಗಿಸಿದ ಮೇಲೆ ಸಿದ್ದಮ್ಮ ಅದಕ್ಕೊಂದಿಷ್ಟು ವಿಭೂತಿ ಹಚ್ಚುತ್ತಿದ್ದರು.

“ಬ್ಯಾಡವಾ. ಆ ರೋಗ ಇನ್ನೂ ಅದರಾಗ ಇರತೈತಿ.”

ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ನಕ್ಕಳು. “ಇಲ್ಲ ಅತ್ತೆ. ಹೊರಗಿದ್ರೆ ವೈರಸ್ ಬರೀ ಧೂಳಿನ ಹಾಗೆ. ಉಣ್ಣಲ್ಲ, ಉಸಿರಾಡಲ್ಲ. ನಮ್ಮ ಜೀವಕೋಶಕ್ಕೆ ಅಂಟಿಕೊಂಡು ಒಳಗೆ ಹೊಕ್ರೆ ಮಾತ್ರ, ಅಲ್ಲಿರೋ ಸಾಮಾನಿನಿಂದಲೇ ತನ್ನಂಥವು ಸಾವಿರ ಮಾಡಿಸ್ಕೊಳ್ಳುತ್ತೆ.”

“ಅಂದ್ರ ನಮ್ಮನಿ ಒಲಿ ಮ್ಯಾಲೆ ತಮ್ಮ ಅಡಗಿ ಮಾಡ್ಕೊಳ್ಳೋ ಬೀಗರು!”

“ಥೇಟ್ ಹಾಗೇ. ಮನೆ ಸಿಗದಿದ್ರೆ ಕೆಲವೇ ದಿನದಲ್ಲಿ ಹಾಳಾಗುತ್ತೆ. ಇದರಲ್ಲಿ ಈಗ ಏನೂ ಉಳಿದಿಲ್ಲ. ಒಗೆದು ಕೊಡ್ತೀನಿ, ಚಳಿಗೆ ಸುತ್ಕೊಳ್ಳಿ.”

“ಏನಂದ್ರ ಏನೂ ಇಲ್ಲ?”

“ಏನೂ ಇಲ್ಲ ಅತ್ತೆ, ಹೆದರಬೇಡಿ.”

ಸಿದ್ದಮ್ಮ ಕವರಿನ ಮೇಲೆ ಬೆರಳಾಡಿಸಿದರು. “ಹೆದರಿಕಿ ಅಲ್ಲವಾ. ಆ ರೋಗ ಅವರ ಎದಿಯಾಗ ಹುಟ್ಟಿದ್ದು. ಅವರ ಮೈಯಾಗಿಂದು ಏನೋ ಒಂದು ಇನ್ನೂ ಜೀವಂತ ಐತಿ ಅಂತ ತಿಳಿದಿದ್ದೆ.”

ಸಿದ್ದಮ್ಮ ಸೊಸೆಯ ಮಣಿಕಟ್ಟು ಬಿಟ್ಟು, ಕತ್ತರಿಯನ್ನು ತಾವೇ ತೆಗೆದುಕೊಂಡರು.