ಕಪ್ಪಾಗದ ಆಯಿಲ್

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಶಾಲಾ ವ್ಯಾನಿನ ಚಾಲಕ ಭಾವನ ಗ್ಯಾರೇಜಿನ ಮುಂದೆ ಎಂಜಿನ್ನಿನ ಆಯಿಲ್ ಕಡ್ಡಿಯನ್ನು ಕಣ್ಣಿನ ಹತ್ತಿರಕ್ಕೇ ಹಿಡಿದು ನೋಡಬೇಕಾಯಿತು. ವರ್ಷದ ಹಿಂದೆ ಹಾಕಿಸಿದ ಆಯಿಲ್ ಡಾಂಬರಿನಂತೆ ಕಪ್ಪಗಿರಬೇಕಿತ್ತು, ಆದರೆ ಜೇನಿನಂತೆ ಹೊಳೆಯುತ್ತಿತ್ತು. ಒರೆಸಿ ಮತ್ತೆ ಅದ್ದಿದ. ಅದೇ ಬಣ್ಣ.

"ಭಾವಾ, ಇಲ್ನೋಡಿ! ಎಂಜಿನ್ ಸವೆಯದ ಹಾಗೆ ಆಯಿಲ್‌ಗೆ ಈ ಔಷಧಿ ಹಾಕಿ ಅಂತ ನಾನು ಬಾಟಲಿ ಕೊಟ್ಟಾಗ ನಕ್ಕಿದ್ರಲ್ಲ? ಇನ್ನೊಂದು ವರ್ಷ ಆಯಿಲ್ ಬದಲಿಸೋದೇ ಬೇಡ."

ಹೆಂಡತಿಯ ಅಣ್ಣನಾದ ಭಾವ ಗ್ಯಾರೇಜಿನ ಕೆಲಸದಿಂದ ತಲೆಯೆತ್ತಲಿಲ್ಲ. "ಎಂಥ ಔಷಧಿ ಹಾಕಿದ್ರೂ ಎಂಜಿನ್ ಕೊಳೆ ಹೊತ್ತು ಕಪ್ಪಾಗೋದು ಆಯಿಲ್ ಧರ್ಮ ಕಣೋ."

"ಮತ್ತೆ ಇದ್ಯಾಕೆ ಹೀಗಿದೆ?" ಔಷಧಿ ಗೆದ್ದಿತೋ, ಎಂಜಿನ್ನೇ ಕೆಟ್ಟಿತೋ, ಚಾಲಕನಿಗೆ ತಲೆಬುಡ ತಿಳಿಯಲಿಲ್ಲ.

"ಮೊನ್ನೆ ಬ್ರೇಕ್ ರಿಪೇರಿಗೆ ಬಿಟ್ಟಿದ್ಯಲ್ಲ, ಆಗ ಹೊಸ ಆಯಿಲ್ ಹಾಕ್ದೆ. ಮಕ್ಕಳು ಕೂರೋ ಗಾಡಿ."

ಭಾವ ಕಪಾಟಿನಿಂದ ಅವನು ಕೊಟ್ಟಿದ್ದ ಔಷಧಿ ಬಾಟಲಿಯನ್ನು ಸೀಲು ಒಡೆಯದ ಹಾಗೇ ತೆಗೆದು, ಧೂಳೊರೆಸಿ, ಅವನ ಕೈಗಿಟ್ಟ.