ಕೊರಳ ಬೆಳಕು

ಆಸೆ ಹುಟ್ಟಿದಾಗ ಹೆಂಗಸರ ಕೊರಳು ಹೊಳೆಯುತ್ತಿತ್ತು. ಮರ್ಯಾದಸ್ಥ ಮನೆಯ ಹೆಂಗಸರು ಆಸ್ಪತ್ರೆಯಲ್ಲಿ ಆ ಬೆಳಕನ್ನು ನಂದಿಸಿಕೊಳ್ಳುತ್ತಿದ್ದರು. ಗದುಗಿನಲ್ಲಿ ಪ್ರೆಸ್ಸು ನಡೆಸುತ್ತಿದ್ದ ವಿಧವೆ ನೀಲಾಂಬಿಕೆ ಮಾತ್ರ ನಂದಿಸಿಕೊಂಡಿರಲಿಲ್ಲ. ತಾನು ಮೆಚ್ಚಿದ ಚನ್ನವೀರ ಬಂದರೆ ಸೆರಗನ್ನೂ ಹೊದೆಯದೆ ಎಲ್ಲರೆದುರು ಹೊಳೆಯುತ್ತಿದ್ದಳು.

“ಅವ್ವಾ, ನಿನ್ನ ಕೊರಳ ನೋಡಿ ಬೀಗರು ಎದ್ದು ಹೋದ್ರು. ನನ್ನ ಸಲುವಾಗಿಯಾದ್ರೂ ನಂದಿಸ್ಕೋ” ಎಂದು ಮಗಳು ಕಾಲು ಹಿಡಿದು ಅತ್ತಳು. ನೀಲಾಂಬಿಕೆ ಮರುದಿನವೇ ಆಸ್ಪತ್ರೆಗೆ ಹೋದಳು.

ಮಗಳ ಮದುವೆ ಸಾಂಗವಾಗಿ ನಡೆಯಿತು. ಊಟದ ಹೊತ್ತಿಗೆ ಬಂದ ಚನ್ನವೀರ ನೀಲಾಂಬಿಕೆಯ ಕೈ ಹಿಡಿದ. ಅವಳ ಕೊರಳು ಹೊಳೆಯಲಿಲ್ಲ.

“ಯಾಕ ನೀಲಾ, ನಾ ಬ್ಯಾಡಾದ್ನೇನು?”



“ಬ್ಯಾಡಂತಲ್ರೀ. ಬೇಕು ಅನ್ನೋದು ಹ್ಯಾಂಗಿತ್ತಂತ ನೆನಪಾಗವಲ್ದು.”

ಚನ್ನವೀರ ಅಳುತ್ತ ಹೊರಟುಹೋದ. ನೀಲಾಂಬಿಕೆ ಬೀಗರಿಗೆ ಹೋಳಿಗೆ ಬಡಿಸಲು ಎದ್ದಳು.